ಕುದುರೆ ಕಾಲಿಗೆ ಕೆಂಪು ಲೈಟ್ ಬಂದ ಕಥೆ (ಭಾಗ 6)

ಲಾಯದಲ್ಲಿ ನಿಂತ ಕುದುರೆ, ಮೊಣಕಾಲ ಕೆಳಗೆ ಸುತ್ತಿದ ಪಟ್ಟಿ, ಪಟ್ಟಿಯೊಳಗೆ ಕೆಂಪಗೆ ಹೊಳೆಯೋ ಸಾಲು ಬಲ್ಬು. ಈ ಥರ ರೀಲ್ ನೀವೂ ನೋಡಿರ್ತೀರಿ. ಕೆಂಪು ಲೈಟ್ ಮಾರೋರಲ್ಲಿ ಕೆಲವರು ‘ಇದಕ್ಕೆ ನೊಬೆಲ್ ಬಂದಿದೆ’ ಅಂತಾನೂ ಸೇರಿಸ್ತಾರೆ. ಅಲ್ಲಿಂದಲೇ ಶುರು ಮಾಡೋಣ, ಯಾಕಂದ್ರೆ ಅದು ತಪ್ಪು.

ನೊಬೆಲ್ ಬಂದಿದ್ದು 1903ರಲ್ಲಿ, ಕೋಪನ್‌ಹೇಗನ್‌ನ ವೈದ್ಯ ನೀಲ್ಸ್ ಫಿನ್ಸೆನ್‌ಗೆ. ಚರ್ಮದ ಕ್ಷಯವನ್ನ ಬೆಳಕಿಂದ ವಾಸಿಮಾಡಿದ್ದಕ್ಕೆ. ಆದ್ರೆ ಆ ಬೆಳಕು ಕೆಂಪಲ್ಲ, ನೀಲಿ-ನೇರಳೆ ಕಡೆಯದು. ಕೆಂಪನ್ನ ಅವರು ಬಳಸಿದ್ದು ಸಿಡುಬಿಗೆ: ರೋಗಿಯನ್ನ ಕೆಂಪು ಪರದೆ ಕೋಣೆಯಲ್ಲಿ ಮಲಗಿಸಿ, ಮಿಕ್ಕ ಕಿರಣ ಒಳಗೆ ಬರದ ಹಾಗೆ ತಡೆಯೋದು. ಅಂದ್ರೆ ಅಲ್ಲಿ ಕೆಂಪು ಔಷಧಿ ಅಲ್ಲ, ಬರೀ ಪರದೆ!

ಅಸಲಿ ಕಥೆ ಇರೋದು ಬುಡಾಪೆಸ್ಟ್‌ನಲ್ಲಿ. 1960ರಲ್ಲಿ ಮೊದಲ ರೂಬಿ ಲೇಸರ್ ಬಂತು. ಕೆಲವು ವರ್ಷದ ಮೇಲೆ ಡಾ. ಎಂಡ್ರೆ ಮೆಸ್ಟರ್ ಅದೇ ಜಾತಿಯ ಲೇಸರ್ ಹಿಡಿದು ಇಲಿಗಳ ಮೇಲೆ ಪ್ರಯೋಗಕ್ಕೆ ಕೂತ್ರು. ಅವರ ಲೇಸರ್‌ಗೆ ಗಡ್ಡೆ ಸುಡೋ ಶಕ್ತಿ ಇರಲಿಲ್ಲ. ಆದ್ರೆ ಬೋಳಿಸಿದ ಜಾಗದಲ್ಲಿ ಕೂದಲು ಮಾತ್ರ ಬೇಗ ಬೇಗ ಬಂತು. ಆಮೇಲೆ ಅವರು ವಾಸಿಯಾಗದ ಗಾಯಗಳ ಕಡೆ ತಿರುಗಿದ್ರು. ಎಲ್‌ಇಡಿ ಬಂದದ್ದು ಇನ್ನೊಂದು ದಾರಿಯಿಂದ. 1995ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಆಲೂಗಡ್ಡೆ ಗಿಡಕ್ಕೆ ಹಾಕಿದ್ದ ದೀಪಗಳನ್ನೇ ಆಮೇಲೆ ಗಾಯದ ಮೇಲೆ ಪರೀಕ್ಷಿಸಿದ್ರು.

ಸರಿ, ಕುದುರೆಗೆ ಯಾಕೆ? ಮೊಣಕಾಲ ಕೆಳಗೆ ಅದಕ್ಕೆ ಮಾಂಸಖಂಡವೇ ಇಲ್ಲ ಅನ್ನಬಹುದು. ಮೂಳೆ, ಟೆಂಡನ್, ಚರ್ಮ, ಅಷ್ಟೇ. ನಾನೂರು-ಐನೂರು ಕೆಜಿ ಭಾರ ಅದರ ಮೇಲೆ. ಟೆಂಡನ್‌ಗೆ ರಕ್ತ ಹರಿಯೋದೇ ಕಮ್ಮಿ, ಹರಿದ್ರೆ ಕೂಡೋಕೆ ತಿಂಗಳುಗಟ್ಟಲೆ ಬೇಕು. ಓಟದ ಕುದುರೆಯ ಬದುಕೇ ಅಲ್ಲಿಗೆ ನಿಲ್ಲಬಹುದು.

ಅದಕ್ಕೇ ಶತಮಾನಗಳ ಕಾಲ ಏನು ಮಾಡ್ತಿದ್ರು ಗೊತ್ತಾ? ಬರೆ! ನಮ್ಮೂರಲ್ಲಿ ದನಕ್ಕೆ ಹಾಕ್ತಿದ್ದ ಹಾಗೇ, ಕಾದ ಕಬ್ಬಿಣದಲ್ಲಿ ಟೆಂಡನ್ ಮೇಲೆ ಗೆರೆ ಎಳೆಯೋದು. ಯುರೋಪಿನ ದೊಡ್ಡ ದೊಡ್ಡ ಲಾಯಗಳಲ್ಲೂ ಇದೇ. ಕುದುರೆ ವಾಸಿ ಆಗ್ತಿತ್ತು ಕೂಡ. 1983ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಕೂತು ಲೆಕ್ಕ ಹಾಕಿದ್ರೆ, ಬರೆಯಿಂದ ಲಾಭವೇ ಕಾಣಲಿಲ್ಲ. ಬರೆ ಹಾಕಿದ ಕುದುರೆಗೆ ಹೇಗೂ ತಿಂಗಳುಗಟ್ಟಲೆ ವಿಶ್ರಾಂತಿ ಸಿಗ್ತಿತ್ತಲ್ಲ. ವಿಶ್ರಾಂತಿ ಮಾಡಿದ ಕೆಲಸದ ಹೆಸರನ್ನ ಕಬ್ಬಿಣ ಹೊಡ್ಕೊಂಡು ಹೋಗಿತ್ತು.

ಇದನ್ನ ಓದಿದ್ಮೇಲೆ ಕೆಂಪು ಪಟ್ಟಿ ನೋಡಿದಾಗ ನನಗೆ ಅದೇ ಅನುಮಾನ. ಲೈಟ್ ಹಾಕಿಸಿಕೊಳ್ಳೋ ಕುದುರೆಗೂ ವಿಶ್ರಾಂತಿ ಇದ್ದೇ ಇರುತ್ತೆ. ಹಾಗಂತ ಪೂರ್ತಿ ಬುರುಡೆ ಅಂತಲೂ ಅಲ್ಲ. ಜೀವಕೋಶದ ಮೈಟೊಕಾಂಡ್ರಿಯಾ ಈ ಬೆಳಕನ್ನ ಹೀರುತ್ತೆ ಅನ್ನೋ ವಿವರಣೆಗೆ ಪ್ರಯೋಗಾಲಯದಲ್ಲಿ ಆಧಾರ ಇದೆ. ಆದ್ರೆ ಕುದುರೆ ಮೇಲಿನ ಅಧ್ಯಯನಗಳು ಚಿಕ್ಕವು, ಫಲಿತಾಂಶ ಒಂದೊಂದು ಕಡೆ ಒಂದೊಂದು ಥರ. ಮೇಲಾಗಿ ದಟ್ಟ ಕೂದಲು, ಕಪ್ಪು ಚರ್ಮ ಬೆಳಕನ್ನ ಮೇಲೇ ನುಂಗಿಬಿಡುತ್ತೆ.

ಗೊರಸಿನ ಮಾತಂತೂ ಇನ್ನೂ ಸುಲಭ. ಅದು ನಮ್ಮ ಉಗುರಿನ ಹಾಗೆ, ಹೊರಗಿನ ಭಾಗಕ್ಕೆ ಜೀವವೇ ಇಲ್ಲ. ಬೆಳೆಯೋದು ಮೇಲಿನ ಕೂದಲಂಚಿಂದ, ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂ.ಮೀ. ಮುಂದಿನ ತುದಿ ನೆಲ ಮುಟ್ಟೋಕೆ ಸುಮಾರು ಒಂದು ವರ್ಷ. ‘ಮೂರೇ ವಾರದಲ್ಲಿ ಹೊಸ ಗೊರಸು’ ಅಂತ ಯಾರಾದ್ರೂ ಪೋಸ್ಟ್ ಹಾಕಿದ್ರೆ ಸ್ಕೇಲ್ ತಗೊಂಡು ಅಳೀರಿ ಕಣ್ರೋ.

ಮುಂದಿನ ಭಾಗದಲ್ಲಿ ಲಾಳ. ನಿಮ್ಮೂರಲ್ಲಿ ಲಾಳ ಕಟ್ಟೋರು ಇನ್ನೂ ಇದ್ರೆ ಕಾಮೆಂಟಲ್ಲಿ ಹೇಳಿ, ಬಂದು ಮಾತಾಡಿಸ್ತೀನಿ.

#ಇತಿಹಾಸ #ಕುದುರೆ #ಗೊರಸು