ಹೊಸಿಲು ದಾಟಿದ ಇಬ್ಬರು

ಹೊಸ ಮನೆಯ ಹೊಸಿಲನ್ನು ಮೊದಲು ದಾಟತಕ್ಕವರು ಯಾರು? ನಮ್ಮಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಅಣ್ಣತಮ್ಮಂದಿರು ಕೂಡಿ ಕಟ್ಟಿಸಿದ ಮನೆಯಾದರಂತೂ ಕೇಳುವುದೇ ಬೇಡ. ಹಸುಕರುವನ್ನು ಮುಂದೆ ಬಿಟ್ಟು ನಮ್ಮ ಹಿರಿಯರು ಈ ತೊಡಕನ್ನು ಜಾಣತನದಿಂದ ಕಳೆದುಕೊಂಡರೋ ಏನೋ! 1998ರ ಡಿಸೆಂಬರ್ 10ರಂದು ಇಂಥದೇ ಒಂದು ಪ್ರಶ್ನೆ ಭೂಮಿಯಿಂದ ಸುಮಾರು 390 ಕಿಲೋಮೀಟರ್ ಎತ್ತರದಲ್ಲಿ ಎದ್ದಿತು. ಅಲ್ಲಿ ಇದ್ದವರು ಆರು ಮಂದಿ. ಐವರು ಅಮೆರಿಕದವರು, ಒಬ್ಬರು ರಷ್ಯದವರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಬಾಗಿಲು ಅಂದು ಮೊದಲ ಸಲ ತೆರೆಯಬೇಕಾಗಿತ್ತು.

ಆ ರಷ್ಯನ್ನರ ಹೆಸರು ಸೆರ್ಗೈ ಕ್ರಿಕಾಲೆವ್. ಅವರ ಕಥೆಯನ್ನು ಮೊದಲು ಹೇಳಿದರೆ ಉಳಿದದ್ದು ಸುಲಭವಾಗಿ ಅರ್ಥವಾದೀತು. 1991ರ ಮೇ 18ರಂದು ಅವರು ಸೋವಿಯತ್ ಪ್ರಜೆಯಾಗಿ ಬೈಕನೂರಿನಿಂದ ಮೇಲೇರಿ 'ಮೀರ್' ನಿಲ್ದಾಣವನ್ನು ಸೇರಿದರು. ಅಕ್ಟೋಬರ್ ತಿಂಗಳಲ್ಲಿ ಹಿಂದಿರುಗಬೇಕಾಗಿದ್ದವರಿಗೆ ಇನ್ನಷ್ಟು ಕಾಲ ಅಲ್ಲಿಯೇ ಇರುವಂತೆ ಹೇಳಲಾಯಿತು. ಅಷ್ಟರಲ್ಲಿ ಕೆಳಗೆ ಏನೇನೋ ನಡೆದುಹೋಯಿತು. ಆಗಸ್ಟಿನಲ್ಲಿ ಮಾಸ್ಕೋದಲ್ಲಿ ದಂಗೆಯಾಯಿತು. ಅವರು ಹುಟ್ಟಿದ ಲೆನಿನ್‌ಗ್ರಾಡ್ ಸೇಂಟ್ ಪೀಟರ್ಸ್‌ಬರ್ಗ್ ಎಂಬ ತನ್ನ ಹಳೆಯ ಹೆಸರಿಗೆ ಮರಳಿತು. ಡಿಸೆಂಬರ್ ಮುಗಿಯುವ ಹೊತ್ತಿಗೆ ಅವರನ್ನು ಕಳುಹಿಸಿದ ದೇಶವೇ ಇಲ್ಲವಾಯಿತು! 1992ರ ಮಾರ್ಚ್ 25ರಂದು ಅವರು ಇಳಿದ ಕಜಾಕ್‌ಸ್ತಾನದ ನೆಲ ಆಗ ಬೇರೊಂದು ರಾಷ್ಟ್ರದ್ದಾಗಿತ್ತು. ಮನೆಯಿಂದ ಹೊರಟವನು ಹಿಂದಿರುಗಿದಾಗ ಊರೇ ಮಾಯವಾಗಿತ್ತು ಎಂದು ಅಜ್ಜಿಕಥೆಗಳಲ್ಲಿ ಕೇಳಿದ್ದೆವು, ಇದು ಚರಿತ್ರೆ.

ಸೋವಿಯತ್ ಒಕ್ಕೂಟ ಅಳಿದ ಮೇಲೆ ರಷ್ಯದಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಅಮೆರಿಕದ ನಿಲ್ದಾಣದ ಯೋಜನೆ ವರ್ಷಗಳಿಂದ ಕಾಗದದ ಮೇಲೆಯೇ ಬೆಳೆಯುತ್ತಿತ್ತು. 1993ರಲ್ಲಿ ಎರಡೂ ದೇಶಗಳು ತಮ್ಮ ಯೋಜನೆಗಳನ್ನು ಒಂದುಗೂಡಿಸಲು ಒಪ್ಪಿದವು. ನಿನ್ನೆಯ ಶತ್ರುವನ್ನು ನಂಬಿ ಮನೆ ಕಟ್ಟುವುದೆ ಎಂದು ಅಮೆರಿಕದಲ್ಲಿ ಹಲವರು ಕೇಳಿದರು. ಅವರ ಅನುಮಾನ ಪೂರ್ತಿ ಹುಸಿಯಾಗಿರಲಿಲ್ಲ. ರಷ್ಯದ ಪಾಲಿನ ಕೆಲಸ ಮತ್ತೆ ಮತ್ತೆ ತಡವಾಯಿತು. ಮೊದಲ ಭಾಗವಾದ 'ಜಾರ್ಯಾ' ಮಾಸ್ಕೋದಲ್ಲಿ ಸಿದ್ಧವಾದದ್ದು ಅಮೆರಿಕದ ಹಣದಿಂದ. ಆ ರಷ್ಯನ್ ಮಾತಿಗೆ ಉಷೆ, ಅರುಣೋದಯ ಎಂದು ಅರ್ಥ. ಸುಮಾರು 20 ಟನ್ ತೂಕದ ಆ ಉಷೆಯನ್ನು 1998ರ ನವೆಂಬರ್ 20ರಂದು ಪ್ರೋಟಾನ್ ರಾಕೆಟ್ ಆಕಾಶಕ್ಕೆ ಏರಿಸಿತು.

ಎರಡು ವಾರಗಳ ಅನಂತರ, ಡಿಸೆಂಬರ್ 4ರಂದು, 'ಯೂನಿಟಿ' ಎಂಬ ಎರಡನೆಯ ಭಾಗವನ್ನು ಒಡಲಲ್ಲಿ ಹೊತ್ತು 'ಎಂಡೆವರ್' ಎಂಬ ಷಟಲ್ ಫ್ಲಾರಿಡಾದಿಂದ ಹೊರಟಿತು. ಷಟಲ್ ಎಂದರೆ ಮಗ್ಗದ ಲಾಳಿ. ಅತ್ತಿತ್ತ ಓಡಾಡುತ್ತ ನೂಲನ್ನು ಕೂಡಿಸುವ ಲಾಳಿಯ ಹೆಸರು ಈ ನೌಕೆಗೆ ಅಂದಿನಷ್ಟು ಚೆನ್ನಾಗಿ ಹಿಂದೆಂದೂ ಒಪ್ಪಿರಲಿಲ್ಲವೆಂದು ನನ್ನ ಎಣಿಕೆ.

ಜೋಡಣೆಯ ಕೆಲಸ ನಡೆದದ್ದು ಡಿಸೆಂಬರ್ 6ರಂದು. ನೌಕೆಯ ಯಂತ್ರದ ತೋಳನ್ನು ನಡೆಸಿದವರು ನ್ಯಾನ್ಸಿ ಕರಿ ಎಂಬ ಮಹಿಳೆ. ಯೂನಿಟಿಯನ್ನು ಮೊದಲೇ ನೌಕೆಯ ಒಡಲಿನಿಂದೆತ್ತಿ ನೆಟ್ಟಗೆ ನಿಲ್ಲಿಸಿದ್ದರಿಂದ ಅದೇ ಅವರ ಕಣ್ಣಿಗೆ ಅಡ್ಡವಾಗಿತ್ತು. ಆದುದರಿಂದ ಕ್ಯಾಮರಾಗಳನ್ನೂ ಕಂಪ್ಯೂಟರನ್ನೂ ನಂಬಿ ಆ 20 ಟನ್ ಭಾರವನ್ನು ಹಿಡಿದು ತಂದು, ಯೂನಿಟಿಯ ನೇರಕ್ಕೆ ನಿಲ್ಲಿಸಿದರು. ನಾಯಕ ರಾಬರ್ಟ್ ಕಬಾನಾ ಆಮೇಲೆ ನೌಕೆಯನ್ನು ಮೆಲ್ಲನೆ ಒತ್ತಿದರು. ಅಲಬಾಮಾದಲ್ಲಿ ತಯಾರಾದದ್ದಕ್ಕೂ ಮಾಸ್ಕೋದಲ್ಲಿ ತಯಾರಾದದ್ದಕ್ಕೂ ಅಲ್ಲಿ ಗಂಟು ಬಿದ್ದಿತು. ಆದರೆ ಗಂಟು ಬಿದ್ದ ಮಾತ್ರಕ್ಕೆ ಸಂಸಾರ ನಡೆದೀತೆ? ಮರುದಿನ ಜೆರ್ರಿ ರಾಸ್ ಮತ್ತು ಜೇಮ್ಸ್ ನ್ಯೂಮನ್ ಹೊರಗಿಳಿದು 40 ತಂತಿಗಳನ್ನು ಒಂದೊಂದಾಗಿ ಕೂಡಿಸಿದ ಮೇಲೆ ಒಂದು ಮನೆಯ ವಿದ್ಯುತ್ತು ಇನ್ನೊಂದಕ್ಕೆ ಹರಿಯಿತು. ಜಾರ್ಯಾದ ಎರಡು ಆಂಟೆನಾಗಳು ಬಿಚ್ಚಿಕೊಳ್ಳದೆ ಹಟ ಹಿಡಿದಿದ್ದವು. ಅವನ್ನು ಉದ್ದನೆಯ ಕೋಲಿನಿಂದ ತಿವಿದು ಬಿಡಿಸಬೇಕಾಯಿತು. ಮಾವಿನಕಾಯಿ ಕೆಡಹುವ ಹುಡುಗರ ವಿದ್ಯೆ ಅಂತರಿಕ್ಷದಲ್ಲಿಯೂ ಕೈಬಿಡುವುದಿಲ್ಲವೆಂದಾಯಿತು. ಮೂರು ಸಲ ಹೊರಗಿಳಿದು ಅವರಿಬ್ಬರು ದುಡಿದದ್ದು ಒಟ್ಟು 21 ಗಂಟೆ 22 ನಿಮಿಷ.

ಇನ್ನು ಹೊಸಿಲಿನ ಪ್ರಶ್ನೆ. ನಾಯಕರಾದವರು ಕಬಾನಾ, ಮೊದಲು ಒಳಹೊಗುವ ಹಕ್ಕು ಅವರದು. ಅವರು ಹಾಗೆ ಮಾಡಲಿಲ್ಲ. ಕ್ರಿಕಾಲೆವ್ ಅವರನ್ನು ಪಕ್ಕಕ್ಕೆ ಕರೆದುಕೊಂಡರು. ಇಬ್ಬರೂ ಜೊತೆಜೊತೆಯಾಗಿ ಯೂನಿಟಿಯೊಳಕ್ಕೆ ತೇಲಿ ಹೋದರು. ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಯಾರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ನಿಲ್ದಾಣವನ್ನು ಮೊದಲು ಹೊಕ್ಕವರು ಯಾರೆಂದು ಕೇಳಿದರೆ ಒಂದೇ ಹೆಸರು ಹೇಳಲು ಬರುವುದಿಲ್ಲ. ಇದೆಲ್ಲ ಬರಿಯ ಸಂಕೇತವೆಂದು ಹೇಳುವವರಿದ್ದಾರೆ. ಇರಬಹುದು; ಆದರೆ ದೇಶವನ್ನೇ ಕಳೆದುಕೊಂಡು ಒಮ್ಮೆ ಆಕಾಶದಲ್ಲಿ ಉಳಿದಿದ್ದ ಮನುಷ್ಯನಿಗೆ ಆ ಸಂಕೇತ ಬರಿದಾಗಿ ಕಂಡಿರಲಾರದು. ಭೂಮಿಯ ಮೇಲೆ ಆ ಎರಡು ರಾಷ್ಟ್ರಗಳ ಸ್ನೇಹ ಬಹುಕಾಲ ಬಾಳಲಿಲ್ಲವೆಂಬುದು ಶ್ರೋತೃಗಳಿಗೆ ತಿಳಿದೇ ಇದೆ. 2022ರಲ್ಲಿ ಉಕ್ರೇನಿನ ಯುದ್ಧ ದೊಡ್ಡದಾಗಿ ಹೊತ್ತಿದ ಮೇಲೂ ಮೇಲಿನ ಮನೆಯಲ್ಲಿ ಮಾತ್ರ ಇಬ್ಬರೂ ಕೂಡಿಯೇ ಇದ್ದರು.

ಒಳಹೊಕ್ಕ ಮೇಲೆ ಕ್ರಿಕಾಲೆವ್ ಸುಮ್ಮನೆ ಕುಳಿತಿರಲಿಲ್ಲ. ಜಾರ್ಯಾದ ಬ್ಯಾಟರಿಗೆ ಸಂಬಂಧಿಸಿದ ಉಪಕರಣವೊಂದು ಕೆಟ್ಟಿತ್ತು. ಅವರೂ ನ್ಯಾನ್ಸಿ ಕರಿಯವರೂ ಸೇರಿ ಅದನ್ನು ಬದಲಿಸಿದರು. ಗೃಹಪ್ರವೇಶದೊಡನೆಯೇ ರಿಪೇರಿ! ಬಳಿಕ ಎಲ್ಲರೂ ದೀಪವಾರಿಸಿ, ಬಾಗಿಲು ಮುಚ್ಚಿ ಹೊರಟು, ಡಿಸೆಂಬರ್ 15ರಂದು ಫ್ಲಾರಿಡಾದಲ್ಲಿ ಇಳಿದರು. 2000ದ ನವೆಂಬರ್ 2ರಂದು ಮೂವರು ಅಲ್ಲಿ ವಾಸಮಾಡುವುದಕ್ಕೆಂದೇ ಮತ್ತೆ ಆ ಬಾಗಿಲನ್ನು ತೆರೆದರು. ಅವರಲ್ಲೊಬ್ಬರು ಕ್ರಿಕಾಲೆವ್. ಅಂದಿನಿಂದ ಈಚೆಗೆ ಆ ಮನೆ ಒಂದು ದಿನವೂ ಬರಿದಾಗಿಲ್ಲ.