ಕರುಳನ್ನು ಬದಿಗಿಟ್ಟ ನೀರು–ಉಪ್ಪಿನ ಚರಿತ್ರೆ

ಅಂಗಡಿಯ ಫ್ರಿಜ್ಜಿನಲ್ಲಿ ಈಗ ‘ಎಲೆಕ್ಟ್ರೊಲೈಟ್’ ಬಾಟಲಿಗಳದ್ದೇ ಕಾರುಬಾರು. ಸಕ್ಕರೆ ಪಾನಕಗಳು ಓಆರ್‌ಎಸ್ (ಭೇದಿಯಾದಾಗ ಕುಡಿಸುವ ಉಪ್ಪು–ಗ್ಲೂಕೋಸ್ ದ್ರಾವಣ) ಎಂದು ಹೆಸರಿಟ್ಟುಕೊಳ್ಳುವುದನ್ನು ತಡೆಯಲು ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ 2025ರವರೆಗೆ ಬೇಕಾಯಿತು. ವ್ಯಾಪಾರಿಗಳನ್ನಷ್ಟೇ ಬೈದು ಫಲವಿಲ್ಲ; ಈ ಗೊಂದಲದಲ್ಲಿ ಪಠ್ಯಗಳ ಪಾಲೂ ಇದೆ. ದೇಹದ ನೀರು–ಲವಣದ ಲೆಕ್ಕವೆಂದರೆ ಕಿಡ್ನಿಯ ಕತೆ ಎಂದೇ ನಮ್ಮ ವೈದ್ಯಕೀಯ ಪಠ್ಯಗಳು ಹೇಳುತ್ತ ಬಂದಿವೆ.

ಕಿಡ್ನಿಯ ಕತೆ ದೊಡ್ಡದೇ; ಅದರ ಮುನ್ನುಡಿ ಮಾತ್ರ ರಕ್ತದ್ದು. 1831ರ ಕಾಲರಾದಲ್ಲಿ ರೋಗಿಗಳ ರಕ್ತದಿಂದ ನೀರು, ಉಪ್ಪು ಸೋರಿಹೋಗಿರುವುದನ್ನು ವೈದ್ಯ ಓ’ಶಾನೆಸಿ ತೋರಿಸಿದರು. ಮರುವರ್ಷ ಥಾಮಸ್ ಲಟ್ಟಾ ರಕ್ತನಾಳಕ್ಕೆ ಉಪ್ಪುನೀರು ಹರಿಸಿದರು. ಆಮೇಲೆ ಬಂದವರು ಕ್ಲಾಡ್ ಬರ್ನಾರ್ಡ್, ಗ್ಯಾಂಬಲ್, ಹೋಮರ್ ಸ್ಮಿತ್‌ರಂಥ ಶರೀರಕ್ರಿಯಾ ವಿಜ್ಞಾನಿಗಳು. ದಿನಕ್ಕೆ 180 ಲೀಟರ್ ಸೋಸಿ ಒಂದೂವರೆ ಲೀಟರಷ್ಟೇ ಹೊರಗೆ ಬಿಡುವ ಅಂಗಕ್ಕೆ ವಿದ್ವಾಂಸರು ಮರುಳಾದದ್ದು ಸಹಜ. ನೀರಿನ ಕಣಗಳು ಜೀವಕೋಶದ ಪೊರೆ ದಾಟುವ ದಾರಿ ತೋರಿಸಿದ ಪೀಟರ್ ಏಗ್ರಿಗೆ 2003ರಲ್ಲಿ ನೊಬೆಲ್ ಬಂತು.

ಆದರೆ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಕರುಳಿಗೂ ಇಳಿಯುತ್ತದೆ. ಹೆಚ್ಚುಕಡಿಮೆ ಅಷ್ಟನ್ನೂ ಅದು ಹೀರಿಕೊಳ್ಳುತ್ತದೆ. ಕರುಳಿನ ಈ ಕೆಲಸದ ತಿಳಿವಳಿಕೆ ಬೆಳೆದದ್ದರಲ್ಲಿ ಕಲ್ಕತ್ತಾದ ಪಾಲು ದೊಡ್ಡದು. 1953ರಲ್ಲಿ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ಲ್ಯಾನ್ಸೆಟ್‌ನಲ್ಲಿ ಬರೆದರು. ಯಾರೂ ಕಿವಿಗೊಡಲಿಲ್ಲ. ಕಾಲರಾ ವಿಷ ಕೆಲಸ ಮಾಡುವುದು ಕರುಳಿನೊಳಗೇ ಎಂದು 1959ರಲ್ಲಿ ಶಂಭುನಾಥ ಡೇ ಮೊಲಗಳ ಮೇಲೆ ತೋರಿಸಿದರು. ಗ್ಲೂಕೋಸ್ ಒಳಹೋಗುವಾಗ ಸೋಡಿಯಂ ಜೊತೆಗೂಡುತ್ತದೆ ಎಂದು ರಾಬರ್ಟ್ ಕ್ರೇನ್ ಪ್ರಾಗ್‌ನಲ್ಲಿ ಮಂಡಿಸಿದ್ದು 1960ರಲ್ಲಿ. ಇವೆರಡು ಹೋದಲ್ಲಿ ನೀರೂ ಹೋಗುತ್ತದೆ, ಭೇದಿಯ ನಡುವೆಯೂ. ಢಾಕಾದ ಪ್ರಯೋಗಗಳು 1968ರಲ್ಲಿ ಇದನ್ನು ಖಚಿತಪಡಿಸಿದವು.

1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, ಬೋಂಗಾಂವ್ ನಿರಾಶ್ರಿತರ ಶಿಬಿರದ ಕಾಲರಾ ರೋಗಿಗಳಿಗೆ ಸಲೈನ್ ಬಾಟಲಿ ಸಾಲದಾದಾಗ ವೈದ್ಯ ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕದಡಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 3.6ಕ್ಕೆ ಇಳಿಯಿತು. ಇದನ್ನು ಸಾರ್ವಜನಿಕ ಆರೋಗ್ಯದ ಸಾಹಸವೆಂದು ಹೊಗಳುತ್ತೇವೆ. ನನ್ನ ಮಟ್ಟಿಗೆ ಇದು ಆ ಶತಮಾನದ ಅತ್ಯುತ್ತಮ ಶರೀರಕ್ರಿಯಾ ಪ್ರಯೋಗವೂ ಹೌದು. ಇಂದಿನ ಓಆರ್‌ಎಸ್‌ನಲ್ಲಿ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75 ಮಿಲಿಮೋಲ್: ಸಮಸಮ. ಸಕ್ಕರೆ ಹೆಚ್ಚಾದರೆ ಅದೇ ದೇಹದ ನೀರನ್ನು ಕರುಳಿನೊಳಕ್ಕೆ ಎಳೆದು ಭೇದಿ ಬಲಿಯುತ್ತದೆ. ಅಷ್ಟಾದರೂ ನಮ್ಮೂರುಗಳಲ್ಲಿ ಕೈಗೆ ‘ಗ್ಲೂಕೋಸ್ ಏರಿಸದ’ ಡಾಕ್ಟರು ಡಾಕ್ಟರೇ ಅಲ್ಲ.

ಕರುಳಿನಂತೆಯೇ ಪಠ್ಯಗಳು ಬದಿಗಿಟ್ಟ ಇನ್ನೊಂದು ಲೆಕ್ಕ ಬೆವರಿನದು. ಪಠ್ಯಗಳು ಮಾದರಿಯಾಗಿ ಹಿಡಿಯುವ 70 ಕಿಲೋ ಗಂಡಸು ತಂಪು ದೇಶದವನು. ಮಧ್ಯ ಅಮೆರಿಕದ ಕಬ್ಬು ಕಡಿಯುವವರ ಕಿಡ್ನಿ ಕೆಡುವುದರಲ್ಲಿ ಬಿಸಿಲು, ನಿರ್ಜಲೀಕರಣಗಳ ಕೈವಾಡದ ಬಗ್ಗೆ ಅಲ್ಲಿ ವರ್ಷಗಳಿಂದ ಅಧ್ಯಯನ ನಡೆದಿದೆ. ಮೇ ತಿಂಗಳ ರಾಯಚೂರಿನಲ್ಲಿ ಉದ್ಯೋಗ ಖಾತ್ರಿಯ ಮಣ್ಣು ಹೊರುವ, ಶೌಚಾಲಯವಿಲ್ಲದೆ ನೀರು ಕುಡಿಯಲೂ ಹಿಂಜರಿಯುವ ಹೆಂಗಸು ದಿನಕ್ಕೆ ಎಷ್ಟು ಉಪ್ಪು ಕಳೆದುಕೊಳ್ಳುತ್ತಾಳೆ ಎಂಬ ಅಂಕಿ ನಾವು ಕಲಿಸುವ ಪುಸ್ತಕಗಳಲ್ಲಿಲ್ಲ. ಬೆವರಿನ ಲೆಕ್ಕಕ್ಕೆ ಬೇಕಾದದ್ದು ಒಂದು ತೂಕದ ಯಂತ್ರ; ಸೋಡಿಯಂ ಅಳೆಯಲು ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯವೇ ಸಾಕು.