ಶಾಲಾ ಮಕ್ಕಳಿಗೆ ಆರಾಧನಾ ಸ್ಥಳಗಳ ಪರಿಚಯ: ಬುಕ್ಕಾಪಟ್ಟಣದ ಸುತ್ತಮುತ್ತ

ಬುಕ್ಕಾಪಟ್ಟಣವು ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನ ಹೋಬಳಿ ಕೇಂದ್ರ. ವಿವಿಧ ಧರ್ಮಗಳ ಆರಾಧನಾ ಸ್ಥಳಗಳನ್ನು ಮಕ್ಕಳಿಗೆ ಪರಿಚಯಿಸಲು ಬೇಕಾದ ನಿದರ್ಶನಗಳು ಈ ಭಾಗದಲ್ಲೇ ಇವೆ.

ಬಸದಿ: ಮಧುಗಿರಿಯ ಮಲ್ಲಿನಾಥ ಬಸದಿ, ತುಮಕೂರಿನ ಬಳಿಯ ಮಂದರಗಿರಿ. ಬಸದಿಯಲ್ಲಿರುವುದು ವರ ಕೊಡುವ ದೇವರಲ್ಲ, ಕರ್ಮವನ್ನು ಗೆದ್ದ ತೀರ್ಥಂಕರರು ಎಂಬುದನ್ನು ಮಕ್ಕಳಿಗೆ ಮೊದಲು ತಿಳಿಸಬೇಕು.

ದೇವಸ್ಥಾನ: ಮಧುಗಿರಿಯ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳು, ಪಾವಗಡದ ಶನಿಮಹಾತ್ಮ ದೇವಾಲಯ.

ಮಸೀದಿ: ಸಿರಾದಲ್ಲಿ 1696ರ ಕಲ್ಲಿನ ಜುಮ್ಮಾ ಮಸೀದಿ ಇದೆ. ಅಲ್ಲಿಯದೇ ಮಲಿಕ್ ರಿಹಾನ್ ಗೋರಿ ಸಮಾಧಿಯೇ ಹೊರತು ಮಸೀದಿಯಲ್ಲ.

ಕಾನೂನು: ಸಂವಿಧಾನದ 28ನೇ ವಿಧಿಯಂತೆ ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಆದರೆ ಧರ್ಮಗಳ ಕುರಿತ ಅಧ್ಯಯನಕ್ಕೆ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಆದ್ದರಿಂದ ಪಾಠ ಪರಿಚಯವಾಗಿರಬೇಕು, ಪೂಜೆಯಾಗಬಾರದು.

ಇತಿಹಾಸ: 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪಿತ್ತನು. ಬೆಳಗೊಳದ ಕಾವಲಿಗೆ 20 ಜನರನ್ನು ನೇಮಿಸಲು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಲು ಏರ್ಪಾಡಾಯಿತು. ಶ್ರವಣಬೆಳಗೊಳದ ಶಾಸನ ಇದಕ್ಕೆ ಸಾಕ್ಷಿ.

ಪೋಷಕರಿಗೆ: ಎಷ್ಟೋ ತರಗತಿಗಳಲ್ಲಿ ಜೈನ ಮಗು ಒಂದೇ ಇರುತ್ತದೆ. ಬಸದಿಯೆಂದರೇನು ಎಂದು ಸಹಪಾಠಿಗಳು ಕೇಳಿದಾಗ ಉತ್ತರಿಸುವಷ್ಟು ಅರಿವನ್ನು ಮನೆಯಲ್ಲೇ ಕೊಡೋಣ. ಇತರರ ಆರಾಧನಾ ಸ್ಥಳಗಳನ್ನು ಗೌರವದಿಂದ ಕಾಣುವುದನ್ನೂ ಕಲಿಸೋಣ.